ಕೈಯಲ್ಲಿ ಒಂದು

ಹಾಜರಿ ಹಾಳೆಯ ಬೆನ್ನಿಗೆ
ಫ್ಲೋರಿನ್ ಟೀಚರ್ ಗೀಚಿ ತಂದದ್ದು:
ಒಂದು ಕೊಳವೆ, ಕೆಳಗೊಂದು ಬಾಗಿಲು,
ಹತ್ತನೇ ಗುಂಡಿಗೆ ಮಾತ್ರ ತೆರೆಯಬೇಕು.

ಶಿವಮೊಗ್ಗೆಯ ಸಾಗರ ರಸ್ತೆ. ಲೇತು ನಿಲ್ಲಿಸಿ
ದಸ್ತಗೀರ್ ಸಾಬರು ಕನ್ನಡಕ ಏರಿಸಿದರು:
"ಯಾವ ಗಾಡಿ ಪಾರ್ಟು ಮೇಡಂ ಇದು?"
"ಮೂರನೇ ಕ್ಲಾಸಿಂದು."

ಮೊದಲ ಸಲ ಒಂಬತ್ತಕ್ಕೇ ತೆರೆಯಿತು.
ಆಮೇಲೆ ಹನ್ನೆರಡಾದರೂ ಜಪ್ಪಯ್ಯ ಅನ್ನಲಿಲ್ಲ.
ಹಳೇ ಲೂನಾದ ಸ್ಪ್ರಿಂಗು ಬಂತು,
ಅರ ಉಜ್ಜಿ ಉಜ್ಜಿ
ಮೂರನೇ ಶನಿವಾರ

ಎಂಟು, ಒಂಬತ್ತು,
ಟಣ್!
ಬಿಡಿಗಳೆಲ್ಲ ಖಾಲಿ,
ಪಕ್ಕದ ಮನೆಯಲ್ಲಿ ಒಂದೇ ಒಂದು ಕೆಂಪು ಗುಂಡು.

ಟೀಚರ್ ಹಣ ಎಣಿಸುತ್ತಿದ್ದರು.
ಸಾಬರು ಎಣ್ಣೆಗೈಯಲ್ಲೇ
ಮತ್ತೆ ಒಂದರಿಂದ ಹಾಕಿ ನೋಡಿದರು.

"ಕೈಯಲ್ಲಿ ಒಂದು, ಅಂತಿದ್ರು ನಮ್ಮ ಮೇಷ್ಟ್ರು.
ಇದಾ ಅದು?
ಅವತ್ತು ನಾನು ಅಂಗೈ ಬಿಚ್ಚಿ ನೋಡಿದ್ದೆ.
ಏನೂ ಇರಲಿಲ್ಲ."