ಎರಡನೇ ಸಲ

ಬೆಟ್ಟ ಹತ್ತುವ ಡಬ್ಬಿಗಳು ಎರಡು,
ಹಗ್ಗ ಒಂದೇ.
ಒಂದು ಏರಿದಷ್ಟೂ ಇನ್ನೊಂದು ಇಳಿಯುತ್ತದೆ;
ನಡುದಾರಿಯಲ್ಲಿ ಕಿಟಕಿಗೆ ಕಿಟಕಿ ಎದುರಾಗಿ
ಅಪರಿಚಿತರು ಅರೆಗಳಿಗೆ ಮುಖ ನೋಡಿಕೊಳ್ಳುತ್ತಾರೆ.
ಅಪ್ಪ ಇಪ್ಪತ್ತಾರು ವರ್ಷ ಗಾಲಿಯ ಕೋಣೆಯಲ್ಲಿ ಕೂತು
ಬ್ರೇಕಿನ ಹಿಡಿಕೆಗೆ ಅಂಗೈ ಸವೆಸಿದ.
ವಾಲ್ಪರೈಸೋದ ಅರ್ಧ ಊರು ಅವನ ಕೈಮೇಲೆ
ಹತ್ತಿ ಇಳಿದಿದೆ. ಅವನ ಮುಖ ಕಂಡವರು ಕಡಿಮೆ.

"ಸಾಲು ಎರಡಿದ್ದರೂ ಸುದ್ದಿ ಒಂದೇ,"
ಎಂದರು ಒತಾರೊಲಾ ಮೇಷ್ಟ್ರು,
ಬೋರ್ಡಿನ ಮೇಲಿನ ಪುಟ್ಟ ಮ್ಯಾಟ್ರಿಕ್ಸನ್ನು ಬೆರಳಿಂದ ತಟ್ಟಿ.
"ಪರಾವಲಂಬಿಗಳು. ನಿರ್ಧಾರಕ ಸೊನ್ನೆ.
ಇದಕ್ಕೆ ವಿಲೋಮವಿಲ್ಲ; ಒಳಗೆ ಹೋದದ್ದು ಹೋದಂತೆ ವಾಪಸ್ ಬಾರದು."
ಹೋದ ವರ್ಷವೂ ಇದನ್ನೇ ಬರೆದುಕೊಂಡಿದ್ದೆ,
ಅರ್ಥವಾಗದೆ, ಅಂದವಾಗಿ.
ಈ ವರ್ಷ ಅಪ್ಪನ ಡಬ್ಬಿಗಳು ಕಂಡವು.

ಹೋದ ವರ್ಷ ಸಿಕ್ಕಿದ್ದು ಮೂರು ಪಾಯಿಂಟ್ ಆರು.
ಏಳಕ್ಕೆ ನಾಲ್ಕಾದರೂ ಬೇಕು ಇಲ್ಲಿ, ದಾಟಲು.
ಎರಡನೇ ಸಲ ಕೂತವರಿಗೆ ಒಂದು ಜಾಗವಿರುತ್ತದೆ,
ಹಿಂದಿನ ಸಾಲು, ಕೆಟ್ಟ ಹೀಟರಿನ ಪಕ್ಕ.
ಹಾಜರಿಯಲ್ಲಿ ಹೆಸರಿದೆ, ಯಾರ ಗುಂಪಿನಲ್ಲೂ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಯಾವ ಸದಿಶಗಳನ್ನು ಮ್ಯಾಟ್ರಿಕ್ಸ್ ಮುಟ್ಟಿದೊಡನೆ ಸೊನ್ನೆ ಮಾಡುತ್ತದೋ
ಅವಕ್ಕೂ ಒಂದು ಮನೆಯುಂಟಂತೆ, ಹೆಸರುಂಟಂತೆ, ಅಳತೆಯುಂಟಂತೆ.
ನಮ್ಮ ಬೆಂಚು ಅದೇ, ಎಂದೆ ಲೌತಾರೊಗೆ.
ಅವನು ಕಿತ್ತಳೆ ಬಿಡಿಸುತ್ತಿದ್ದ. ಒಂದು ತೊಳೆ ಕೊಟ್ಟ.
"ಲೆಕ್ಕ ಬಿಡಿಸೋದೂ ಇಷ್ಟೇ ಸುಲಭ ಇದ್ದಿದ್ರೆ" ಅಂದ.

ಆಗಸ್ಟಿನ ಒಂದು ಗುರುವಾರ, ಅವಕಲ ಸಮೀಕರಣಗಳ ತರಗತಿ,
ಹನ್ನೊಂದೂ ಇಪ್ಪತ್ತು.
ಮೊದಲು ಕಿಟಕಿಯ ಗಾಜು ಹಲ್ಲು ಕಡಿಯಿತು.
ಆಮೇಲೆ ನೆಲ,
ದೊಡ್ಡ ಲಾರಿಯೊಂದು ಬಂದು, ಹೋಗುವುದನ್ನು ಮರೆತ ಹಾಗೆ.
ಇಲ್ಲಿ ಹುಟ್ಟಿದವರು ಎದ್ದು ಓಡುವುದಿಲ್ಲ; ಮಾತು ನಿಲ್ಲಿಸಿ
ಮನಸ್ಸಿನಲ್ಲೇ ಎಣಿಸುತ್ತೇವೆ, ದೊಡ್ಡದೋ ಸಣ್ಣದೋ.
ಹದಿನಾಲ್ಕಕ್ಕೆ ನಿಂತಿತು.
ಮೇಷ್ಟ್ರ ಸೀಮೆಸುಣ್ಣ ಬೋರ್ಡು ಬಿಟ್ಟಿರಲಿಲ್ಲ;
ಸಮ ಚಿಹ್ನೆಯ ಕೆಳಗೆರೆ ಮಾತ್ರ ಸೊಟ್ಟಗೆ
ಚೌಕಟ್ಟಿನವರೆಗೂ ನಡೆದುಹೋಗಿತ್ತು.

"ದೀಪ ನೋಡಿ," ಎಂದರು.
ತಂತಿಗೆ ಜೋತ ಹಳೆಯ ದೀಪ
ನೆಲ ಸುಮ್ಮನಾದ ಮೇಲೂ ತೂಗುತ್ತಿತ್ತು.
ಆಚೆ, ಈಚೆ. ಆಚೆ,
ಸ್ವಲ್ಪ ಕಡಿಮೆ ಈಚೆ.
"ಮೂಲಗಳು ಎರಡು, ಮಿಶ್ರ ಸಂಖ್ಯೆಗಳು.
ಕಾಲ್ಪನಿಕ ಭಾಗ ಅದನ್ನು ತೂಗಿಸುತ್ತದೆ.
ವಾಸ್ತವ ಭಾಗ ಅದನ್ನು ನಿಲ್ಲಿಸುತ್ತದೆ.
ಬರೆದುಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ.
ಲೌತಾರೊ ಅಮ್ಮನಿಗೆ ಫೋನು ಹಚ್ಚುತ್ತಿದ್ದ, ಲೈನು ಸಿಗುತ್ತಿರಲಿಲ್ಲ.
ನಾನು ಬಾಯಿ ತೆರೆದು ಮೇಲೆ ನೋಡುತ್ತಿದ್ದೆ:
ಒಂದಿಡೀ ವರ್ಷ ಕಾಗದದ ಮೇಲೆ ಅಂಕೆಗೆ ಸಿಗದೆ ಅಲೆದದ್ದು
ನೆತ್ತಿಯ ಮೇಲೇ ತೂಗುತ್ತಿತ್ತು, ಧೂಳು ಉದುರಿಸುತ್ತ.

ಸಂಜೆ ಗಾಲಿಯ ಕೋಣೆಗೆ ಹೋದೆ.
ಡಬ್ಬಿಗಳನ್ನು ನಿಲ್ಲಿಸಿದ್ದರು. ಅಪ್ಪ
ಟಾರ್ಚು ಹಿಡಿದು ಹಗ್ಗದ ಎಳೆ ಎಳೆಯನ್ನೂ ಸವರಿ ನೋಡುತ್ತಿದ್ದ.
ದೀಪದ ಕತೆ ಹೇಳಿದೆ. ಕಾಲ್ಪನಿಕ, ವಾಸ್ತವ, ಎಲ್ಲ.
ಪೂರ್ತಿ ಕೇಳಿಸಿಕೊಂಡು ಕೇಳಿದ:
"ಅದಕ್ಕೆ ಬ್ರೇಕು ಹಾಕಿದ್ದು ಯಾರು?"
ಗಾಳಿ, ಎಂದೆ. ಕೊಕ್ಕೆಯ ಉಜ್ಜಾಟ.
"ಹಾಗಾದ್ರೆ ಅದನ್ನೂ ಬರಿ. ಅವರ ಹೆಸರು ಯಾರೂ ಬರೆಯಲ್ಲ."

ಡಿಸೆಂಬರಿನ ಪರೀಕ್ಷೆ, ಎರಡನೇ ಪ್ರಶ್ನೆ: ತೂಗುವ ತೂಕ.
ಘರ್ಷಣೆಯ ಗುಣಾಂಕಕ್ಕೆ ಪುಸ್ತಕದ ಅಕ್ಷರ ಬಿಟ್ಟು
ಬಾಲ್ದೊಮೇರೊ ಎಂಬ ಅಪ್ಪನ ಹೆಸರಿನ
ಮೊದಲಕ್ಷರ ಇಟ್ಟೆ.
ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಹಾಕಿ
ಮುಂದೆ ಹೋಗಿದ್ದರು.
ಒಟ್ಟು ನಾಲ್ಕು ಪಾಯಿಂಟ್ ಒಂದು.

ಕಳೆದದ್ದು ಕೊನೆಯ ಸಾಲಿನಲ್ಲಿ.
ಎಲ್ಲ ಸರಿ ಬರೆದು, ಅವಸರದಲ್ಲಿ ಋಣ ಮರೆತಿದ್ದೆ.
ಆ ಲೆಕ್ಕದ ಪ್ರಕಾರ ದೀಪ ನಿಲ್ಲುವುದಿಲ್ಲ;
ತೂಗಿ ತೂಗಿ ಸೂರು ದಾಟಿ, ಬಂದರು ದಾಟಿ,
ಈಗ ಎಲ್ಲೋ ಕಡಲ ಮೇಲಿದೆ.