ಮೌನೇಶನ ಎದೆಯ ಫೋಟೋ

ಹಟ್ಟಿಯ ಗಣಿ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ
ಎದೆಯ ಫೋಟೋ ತೆಗೆದವನು ನಾನು.
ಉಸಿರು ಎಳಕೋ, ಹಿಡಿ, ಬಿಡು—
ಈ ಮೂರೇ ಮಾತಿನಲ್ಲಿ ಮುಗಿಯುತ್ತಿತ್ತು ನನ್ನ ನೌಕರಿ.

ಒದ್ದೆ ಫಿಲಂ ಕ್ಲಿಪ್ಪಿಗೆ ಸಿಕ್ಕಿಸಿ ದೀಪದ ಡಬ್ಬಿಗೆ ಹಿಡಿದರೆ
ಏನೂ ಆಗದವನ ಎದೆ ಕಪ್ಪಗೆ,
ಹರಗಿಟ್ಟ ಎರೆಹೊಲದ ಹಾಗೆ.
ಕಲ್ಲಿನ ಧೂಳು ಕುಡಿದವನದು
ಅದೇ ಹೊಲದಲ್ಲಿ ಬಿಳಿಜೋಳ ಚೆಲ್ಲಿದ ಹಾಗೆ.
ಚೆಲ್ಲಿದ ಕಾಳು ನೋಡಿ ಪರಿಹಾರ ಬರೆಯುತ್ತಿದ್ದರು.

ಮೌನೇಶ ಬಂದದ್ದು ಒಂದು ಬುಧವಾರ.
ಹದಿನಾರನೆಯ ಲೆವೆಲ್ಲಿನಲ್ಲಿ ಮರ ನಿಲ್ಲಿಸುವವನು,
ಗುಡ್ಡದ ಹೊಟ್ಟೆ ಕುಸಿಯದಂತೆ ತೊಲೆ ಕೊಡುವವನು.
ಹನ್ನೊಂದು ದಿನದಿಂದ
ಪಂಜರದ ಬಾಗಿಲು ತೆಗೆದರೆ ಅವನ ಕಾಲು ಒಳಗೆ ಹೋಗುವುದಿಲ್ಲ.
ಫಿಲಂ ತೊಳೆದೆ. ಎರೆಹೊಲ. ಒಂದು ಕಾಳೂ ಇಲ್ಲ.
ದೋಷ ಕಾಣುವುದಿಲ್ಲ, ಎಂದು ಬರೆದೆ.
ಸುಳ್ಳು ಬರೆಯಲಿಲ್ಲ.

"ಕಾಣಲಾರದ್ದಕ್ಕ ರಜಾ ಹ್ಯಾಂಗ ಕೊಡೂದು?"
ಟೈಮ್ ಆಫೀಸಿನವರು ಕೇಳಿದರು.
ಹೊಸದಾಗಿ ಬಂದಿದ್ದ ಡಾಕ್ಟರ್ ವಿಜಯಮಾಲಾ ಮೇಜು ಕುಟ್ಟಿದರು:
"ಇದು ರೋಗ. ಸಕ್ಕರೆ ಕಾಯಿಲೆ ಹೇಗೋ ಹಾಗೇ ರೋಗ."
"ಸಕ್ಕರಿ ಆದ್ರ ರಕ್ತದಾಗ ಸಿಗತದ ಮೇಡಂ."

ಯೂನಿಯನ್ನಿನ ದಾವಲಸಾಬ್ ಯಾರ ಕಡೆಗೂ ಸೇರಲಿಲ್ಲ.
"ರೋಗ ಅಂತ ಬರೆದ್ರ ಹುಚ್ಚ ಅಂತ ಮನಿಗೆ ಕಳಿಸ್ತೀರಿ,
ಅಲ್ಲ ಅಂತ ಬರೆದ್ರ ಮೈಗಳ್ಳ ಅಂತ.
ಎಂಟು ತಾಸು ಕಲ್ಲಿನಡಿ
ಎರಡು ಹೆಣದ ಜೋಡಿ ಕುಂತು ಬಂದಾನ.
ಅವಗೇನೂ ಆಗಿಲ್ಲ ಸಾಹೇಬ್ರ.
ಆಗಿದ್ದು ಗಣಿಗೆ."

ಗುಳಿಗೆ ಕೊಟ್ಟರು. ನಿದ್ದೆ ಬಂತು.
"ನೋಡಿ, ಗುಳಿಗೆಗೆ ಬಗ್ಗಿತಲ್ಲ, ರೋಗವೇ" ಎಂದರು ಡಾಕ್ಟರ್.
"ಸೇಂದಿ ಕುಡಿದ್ರೂ ನಿದ್ದಿ ಬರತದ" ಎಂದ ದಾವಲಸಾಬ್.
ನಾನು ನಡುವೆ ಫಿಲಂ ಹಿಡಿದು ನಿಂತಿದ್ದೆ,
ಸಾಕ್ಷಿಗೆ ಕರೆಸಿ ಏನೂ ಕೇಳದೆ ಬಿಟ್ಟವನಂತೆ.

ಅಮರಮ್ಮನನ್ನೂ ಯಾರೂ ಕೇಳಿರಲಿಲ್ಲ.
ಖಾಕಿ ಲಕೋಟೆ ಹಿಡಿದು ನನ್ನ ಕಿಟಕಿಗೆ ಬಂದಳು.
"ಹೆಸರು ನಿಮಗ ಬೇಕ್ರಿ, ನನಗಲ್ಲ.
ನಡುರಾತ್ರಿ ಎದ್ದು ಹಾರಿ ತಗೊಂಡು ಮಾಳಿಗಿ ಕುಟ್ಟತಾನ.
ಟೊಳ್ಳಾಗ್ಯಾದ ಅಂತಾನ.
ಮಕ್ಕಳ ಹಾಸಿಗಿ ಬಾಗಿಲ ತನಕ ಎಳೀತಾನ.
ಬೆಳಿಗ್ಗೆ ನಾ ತಿರುಗಿ ಒಳಗ ಹಾಕತೀನಿ.
ಇದರ ಫೋಟೋ ಬರಾಂಗಿಲ್ಲೇನು?"

ಕುಟ್ಟಿ ಕೇಳುವುದು ಅವನ ಕಸುಬು.
ಗಟ್ಟಿ ಕಲ್ಲು ಗಂಟೆಯಂತೆ ಓ ಅನ್ನುತ್ತದೆ,
ಬಿರುಕು ಬಿಟ್ಟದ್ದು ಒಡಕು ಗಡಿಗೆಯಂತೆ.
ಆ ಕಿವಿ ಎಷ್ಟು ಮಂದಿಯನ್ನು ಮೇಲೆ ತಂದಿತ್ತೋ.
ಅಲ್ಲಿ ಅದಕ್ಕೆ ಪಗಾರ, ಇಲ್ಲಿ ಅದಕ್ಕೆ ಗುಳಿಗೆ
ಎಂದು ದಾವಲಸಾಬನ ಹಾಗೆ ಹೇಳಿಬಿಡಬಹುದಿತ್ತು ನಾನೂ.
ಆದರೆ ಕಡ್ಡಿ ಗೀರಿ ಗೀರಿ
ಬೀಡಿ ಹಚ್ಚಲಾಗದೆ ಇಳಿಬಿಟ್ಟ ಆ ಕೈ ನೋಡಿದ್ದೆ.
ಅದು ರೋಗವಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಬೋರ್ಡಿನ ತೀರ್ಮಾನ ಬರುವುದರೊಳಗೆ ಎರಡು ಉಗಾದಿ ಕಳೆದವು.
ಒಂದು ಸಂಜೆ ಅವರ ಕ್ವಾರ್ಟರ್ಸಿಗೆ ಹೋದೆ.
ಅಡುಗೆಮನೆಯ ನಟ್ಟನಡುವೆ
ತೊಗಟೆ ಸಮೇತ ಒಂದು ಜಾಲಿಯ ಕಂಬ,
ಮಾಳಿಗೆಗೆ ಬೆಣೆ ಬಡಿದು ಬಿಗಿದದ್ದು.
ಅದಕ್ಕೊಂದು ಮೊಳೆ ಹೊಡೆದು
ಅಮರಮ್ಮ ಬೆಳ್ಳುಳ್ಳಿ ಗೊಂಚಲು ತೂಗಿಹಾಕಿದ್ದಳು.
ಚಿಕ್ಕ ಹುಡುಗಿ ಕಂಬ ಹಿಡಿದು ಗಿರಗಿರ ಸುತ್ತುತ್ತಿತ್ತು.

ಕುರ್ಚಿ ಎಳೆದು ಕೂರಲು ಹೋದೆ.
ಮೌನೇಶ ಎದ್ದು
ನನ್ನ ನೆತ್ತಿಯ ಮೇಲಿನ ಮಾಳಿಗೆಗೆ
ಹಾರಿಯ ತುದಿಯಿಂದ ಎರಡು ಸಲ ತಟ್ಟಿದ.
ತಲೆ ವಾರೆ ಮಾಡಿ ಕೇಳಿದ.
"ಅಲ್ಲಿ ಬ್ಯಾಡ್ರಿ" ಎಂದು ಒಂದು ಮಾರು ಈಚೆ ತೋರಿಸಿದ.
"ಇಲ್ಲಿ ಕೂಡ್ರಿ. ಇಲ್ಲಿ ಗಟ್ಟಿ ಅದ."

ಕುರ್ಚಿ ಸರಿಸಿದೆ.
ಉಸಿರು ಹಿಡಿದಿದ್ದೆನೆಂದು ತಿಳಿದದ್ದು
ಆಮೇಲೆ, ಚಹಾ ಬಂದಾಗ.