ಸೊಟ್ಟ ಕೊಟೇಶನ್

ಮುಳಗುಂದ ನಾಕಾದ ಸಂದಿಯೊಳಗ, ಪ್ರೆಸ್ಸಿನ ಅಟ್ಟದ ಮ್ಯಾಲೆ
ಮೂರು ದಿನದಿಂದ ಒಂದೇ ಪುಟ ತಗದು ಕೂತೀನಿ.
ಬರೀಬೇಕಾದ್ದು ಬರದೀನಿ. ಅಕ್ಷರ ಮಾತ್ರ
ನಾ ಹೇಳಿದ್ದಲ್ಲ.

ಈ ಅಕ್ಷರಕ್ಕ ಎಂಟು ತಿಂಗಳು ಕೊಟ್ಟೀನಿ.
ಗೆದ್ದಲು ತಿಂದ ಖಾನೆಯೊಳಗಿಂದ ಒಂದೊಂದ ಮೊಳೆ ಹೆಕ್ಕಿ
ಸೀಮೆಎಣ್ಣಿಲೆ ಒರಸಿ, ಮಸಿ ಕೊಟ್ಟು, ಕಾಗದಕ್ಕ ಒತ್ತಿ,
ಸ್ಕ್ಯಾನ್ ಮಾಡಿ, ಅಂಚು ತಿದ್ದಿ,
ಳ-ದ ಹೊಟ್ಟಿ, ಷ್ಟ್ರ-ದ ಮೂರಂತಸ್ತಿನ ಮನಿ
ಎಲ್ಲಾ ನಿಂತ ಮ್ಯಾಲೆ ಹೆಸರಿಟ್ಟೆ: ಬೆಟಗೇರಿ.

ಪರದೆ ಮ್ಯಾಲೆ ಬರೂದು ಯಾರದೋ ಅಕ್ಷರ,
ಮಷಿನ್ ತನ್ನ ಕಿಸೆದಾಗಿಂದ ತಗದು ಹಾಕಿದ್ದು.
ಬಾಡಿಗಿ ಕೋಟಿನ ಹಂಗ ಹೆಗಲು ಸಡಿಲ.

ದಾರಿ ತಪ್ಪಿರಬೇಕಂತ ದಾರಿ ನೋಡಿದೆ.
ಪುಟ ಒಂದು ಮನ್ಯಾಗ, ಸ್ಟೈಲ್‌ಶೀಟ್ ಇನ್ನೊಂದು ಮನ್ಯಾಗ,
ಫಾಂಟು ಅದರ ಹಿತ್ತಲದಾಗ.
ಎರಡು ಚುಕ್ಕಿ, ಒಂದು ಓರೆಗೀಟು,
ಅಂದ್ರ ಒಂದು ಮೆಟ್ಟಲಾ ಹಿಂದ ಬಾ ಅಂತ.
ಹಾಕೀನಿ.
ದೊಡ್ಡಕ್ಷರ ಸಣ್ಣಕ್ಷರ ನೋಡಿದೆ.
ಬ್ರೌಸರಿನ ಹಳೇ ನೆನಪು ಅಳಿಸಿದೆ, ಮತ್ತ ಅಳಿಸಿದೆ.
ಶೀಟು ಮುಟ್ಟೇತಿ ಅನ್ನಾಕ ಸಾಕ್ಷಿನೂ ಐತಿ:
ತಲೆಬರಹಕ್ಕ ನಾ ಹೇಳಿದ ಕುಂಕುಮದ ಬಣ್ಣ ಹತ್ತೇತಿ.
ಬಣ್ಣ ಮಾತು ಕೇಳತೈತಿ, ಅಕ್ಷರ ಕೇಳೂದಿಲ್ಲ.

ಸಂಜೀಕ ನದಾಫ್ ಚಾಚಾ ಬಂದ್ರು, ಗಿರಮಿಟ್ಟಿನ ಪೊಟ್ಟಣ ಹಿಡಕೊಂಡು.
ನಲವತ್ತೊಂದು ವರ್ಷ ಕಂಪೋಜಿಂಗು.
ಉಲ್ಟಾ ಅಕ್ಷರ ಓದಿ ಓದಿ
ಸೀದಾ ಇದ್ದದ್ದರ ಮ್ಯಾಲೆ ಅನುಮಾನ ಬಂದ ಕಣ್ಣು.
ಇಂಗ್ಲಿಷ್ ತಿಳಿಯೂದಿಲ್ಲ ಅವರಿಗೆ,
ಜೋಡಿಸಾಕ ಬರತೈತಿ.

ಪರದೆಗೆ ಮೂಗು ಹಚ್ಚಿ, ಉಳ್ಳಾಗಡ್ಡಿ ವಾಸನಿ ಬಿಡಕೋತ,
ಸಾಲಿನ ಮ್ಯಾಲೆ ಸಾಲು ಬೊಟ್ಟು ಇಟಗೋತ ಬಂದು
ನಿಂತರು.
'ಇವು ಯಾವ ಕೇಸಿನ್ವು?
ಎಲ್ಲಾ ಕಡೆ ಕೊಟೇಶನ್ ನೆಟ್ಟಗ ನಿಂತಾವು.
ಇಲ್ಲೆ ಮಾತ್ರ ಬಾಗ್ಯಾವು.'

ನೋಡಿದೆ.
ಫೋನಿನಾಗ ನನಗ ನಾನ ಕಳಿಸಿಕೊಂಡಿದ್ದ ಸಾಲು,
ಅಲ್ಲಿಂದ ಎತ್ತಿ ಅಂಟಿಸಿದ್ದೆ.
ಚಂದ ಕಾಣಲಿ ಅಂತ ಫೋನು
ನೆಟ್ಟಗಿದ್ದ ಗೆರಿಗೆ ಕೊಕ್ಕಿ ಮಾಡಿತ್ತು.
ಬ್ರೌಸರಿಗೆ ಅದು ಗುರುತಲ್ಲ, ಹೆಸರಿನ ಭಾಗ.
ಕೊಕ್ಕಿ ಸಮೇತ ಬೆಟಗೇರಿ ಅನ್ನೋರು
ಯಾರರೆ ಅದಾರೇನು ಅಂತ ಮನಿ ಮನಿ ಕೇಳಿ,
ಸಿಗದ, ಪಾಪ, ಕೈಗೆ ಬಂದದ್ದು ಹಾಕಿತ್ತು.
ಮೂರು ದಿನ ನಾ ಅದಕ್ಕ ಬೈದದ್ದ ಬೈದದ್ದು.

ಎರಡು ಕೊಕ್ಕಿ ಅಳಿಸಿ ನೆಟ್ಟನವು ಒತ್ತಿದೆ.
ಪುಟ ಒಮ್ಮೆ ಕಣ್ಣು ಪಿಳುಕಿಸಿತು.
ಬಂತು.

ಚಾಚಾ ಳ ನೋಡಿದರು. ಮಾತಾಡಲಿಲ್ಲ.
ಆಮ್ಯಾಲೆ ಚಷ್ಮಾ ಏರಿಸಿ,
'ಈ ಷ ಇಲ್ಲೆ ಸೀಳೇತಿ ನೋಡು.
ಎಂಬತ್ತೆರಡರಾಗ ನನ್ನ ಕೈಯಿಂದ ಬಿದ್ದಿತ್ತು.
ಮಾಲಕರಿಗೆ ಹೇಳಿದ್ದಿಲ್ಲ.'

ತಿದ್ದಲೇನು ಅಂದೆ.
ಪೊಟ್ಟಣ ನನ್ನ ಕಡೆ ಸರಿಸಿದರು.
'ಮಂಡಕ್ಕಿ ಮೆತ್ತಗಾಗತೈತಿ. ತಿನ್ನು ಮೊದಲ.'